ಮಕ್ಕಳ ಸರ್ಜರಿ ಕಲಿಯೋಕೆ ಹೊರಟವರಿಗೆ: ಕೊಯ್ಯುವುದಕ್ಕಿಂತ ಕಾಯುವುದೇ ಜಾಸ್ತಿ

ಪ್ರಶ್ನೆ: ಜನರಲ್ ಸರ್ಜರಿ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಮಕ್ಕಳ ಸರ್ಜರಿ ಮಾಡಬೇಕು ಅಂತ ಆಸೆ. ಆದರೆ ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ಕೇಸ್ ಸಿಗಲ್ಲ, ಸಿಕ್ಕರೂ ಕನ್ಸಲ್ಟೆಂಟ್ ಬಿಟ್ಟುಕೊಡಲ್ಲ, ವರ್ಷಗಟ್ಟಲೆ ಗಾಯವನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ನಿಲ್ಲುತ್ತೀಯ ಅಂತಾರೆ. ಕಣ್ಣೆದುರೇ ಮಗು ಹೋದರೆ ತಡೆದುಕೊಳ್ಳುತ್ತೇನಾ ಅನ್ನುವ ಭಯ ನನ್ನದೇ. ಸಾಲದ್ದಕ್ಕೆ ನನ್ನ ಕೈ ಬೇರೆ ತುಂಬಾ ದೊಡ್ಡದು. ತರಬೇತಿ ನಿಜಕ್ಕೂ ಹೇಗಿರುತ್ತದೆ, ಮುಚ್ಚುಮರೆ ಇಲ್ಲದೆ ಹೇಳಿ.

ಉತ್ತರ: ನಿಮ್ಮ ಸೀನಿಯರ್‌ಗಳು ಹೇಳಿದ್ದರಲ್ಲಿ ಅರ್ಧ ನಿಜ. ಇನ್ನರ್ಧ ಅವರಿಗೂ ಗೊತ್ತಿಲ್ಲ, ಒಳಗೆ ಬಂದು ನೋಡಿದವರಲ್ಲ ಅಲ್ವಾ. ನಾನು ಈ ತರಬೇತಿ ಮುಗಿಸಿ ಹದಿನೈದು ವರ್ಷದ ಮೇಲಾಯಿತು. ಈಗ ಕಲಿಸುವ ಕಡೆ ನಿಂತಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಮೊದಲು ಕೇಸ್ ವಿಷಯ. ಎಲ್ಲರ ತಲೆಯಲ್ಲೂ ಓಡುವುದು ಅದೇ. ಮಕ್ಕಳ ಸರ್ಜನ್ ಅಂದರೆ ಹುಟ್ಟಿದ ದಿನವೇ ಅನ್ನನಾಳ ಜೋಡಿಸುವವರು, ಎದೆ-ಹೊಟ್ಟೆ ನಡುವಿನ ಪರದೆಯಾದ ವಪೆಯ ತೂತು ಮುಚ್ಚುವವರು, ಗುದದ್ವಾರವೇ ಇಲ್ಲದ ಮಗುವಿಗೆ ದಾರಿ ಮಾಡಿಕೊಡುವವರು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹೌದು, ಅದೆಲ್ಲ ನಮ್ಮ ಕೆಲಸವೇ. ಆದರೆ ಅನ್ನನಾಳ ತುಂಡಾಗಿ ಹುಟ್ಟುವ ಮಗು ಸುಮಾರು ಮೂರು-ನಾಲ್ಕು ಸಾವಿರ ಹೆರಿಗೆಗೆ ಒಂದು. ಪಿತ್ತನಾಳ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಅದಕ್ಕಿಂತಲೂ ಎಷ್ಟೋ ಅಪರೂಪ. ಈಗ ನೀವೇ ಲೆಕ್ಕ ಹಾಕಿ. ವರ್ಷಕ್ಕೆ ಹತ್ತು ಅನ್ನನಾಳದ ಕೇಸ್ ಬರುವ ಘಟಕ, ಐದು ಜನ ಟ್ರೈನಿಗಳು. ತಲೆಗೆ ಎರಡು. ಆ ಎರಡರಲ್ಲಿ ಒಂದು ನಿಮ್ಮ ರಜೆಯ ದಿನ ಬರುತ್ತದೆ. ಇನ್ನೊಂದು ಮಗು ಒಂದೂವರೆ ಕೆಜಿ ಇರುತ್ತದೆ, ಹೃದಯದಲ್ಲೂ ದೋಷ ಇರುತ್ತದೆ. ಅದನ್ನು ಯಾವ ಕನ್ಸಲ್ಟೆಂಟೂ ನಿಮ್ಮ ಕೈಗೆ ಕೊಡುವುದಿಲ್ಲ, ಕೊಡಲೂಬಾರದು.

ಹಾಗಾದರೆ ಕೈ ಎಲ್ಲಿ ಪಳಗುತ್ತದೆ? ಹರ್ನಿಯಾದಲ್ಲಿ, ಕೆಳಗಿಳಿಯದ ವೃಷಣದಲ್ಲಿ, ಅಪೆಂಡಿಕ್ಸ್‌ನಲ್ಲಿ, ಕೀವು ತೆಗೆಯುವುದರಲ್ಲಿ, ದೊಡ್ಡ ರಕ್ತನಾಳಕ್ಕೆ ಕೊಳವೆ, ಅಂದರೆ ಸೆಂಟ್ರಲ್ ಲೈನ್ ಹಾಕುವುದರಲ್ಲಿ. ಲಾಗ್‌ಬುಕ್ ತುಂಬುವುದು ಇವುಗಳಿಂದಲೇ. ಹರ್ನಿಯಾ ಅಂದ ಕೂಡಲೇ ಮುಖ ಸಿಂಡರಿಸಬೇಡಿ. ದೊಡ್ಡವರ ಹರ್ನಿಯಾ ನೂರು ಮಾಡಿ ಬಂದವರು ಎರಡು ಕೆಜಿಯ, ಅವಧಿಗೆ ಮುಂಚೆ ಹುಟ್ಟಿದ ಗಂಡು ಕೂಸಿನ ಹರ್ನಿಯಾ ಮುಂದೆ ಬೆವರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆ ಹರ್ನಿಯಾದ ಚೀಲ ಒದ್ದೆ ಟಿಶ್ಯೂ ಪೇಪರ್ ಇದ್ದ ಹಾಗೆ. ಸ್ವಲ್ಪ ಎಳೆದರೆ ಹರಿಯಿತು, ಹರಿದರೆ ಹರಿದ ತುದಿ ಒಳಗೆ ಓಡಿತು. ಅದಕ್ಕೆ ಅಂಟಿಕೊಂಡೇ ವೀರ್ಯನಾಳ, ಒಂದು ಬಿಳಿ ದಾರದಷ್ಟು. ಅದನ್ನು ಚಿಮುಟದಲ್ಲಿ ಹಿಡಿಯಲೇಬಾರದು, ಪಕ್ಕದ ಪೊರೆಯನ್ನಷ್ಟೇ ಹಿಡಿದು ಸರಿಸಬೇಕು. ಇವತ್ತು ಅಲ್ಲಿ ಆದ ಗಾಯ ಮೂವತ್ತು ವರ್ಷ ಆದಮೇಲೆ ಆ ಹುಡುಗ ಮಕ್ಕಳಾಗುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋದಾಗ ಗೊತ್ತಾಗಬಹುದು. ಅಷ್ಟು ಹೊತ್ತಿಗೆ ನಾವು ರಿಟೈರ್ ಆಗಿರುತ್ತೇವೆ. ಈ ಹರ್ನಿಯಾವನ್ನು ಗಲಾಟೆಯಿಲ್ಲದೆ ಮುಗಿಸುವ ಟ್ರೈನಿಗೆ ನಾನು ದೊಡ್ಡ ಕೇಸ್ ಕೊಡೋಕೆ ಹಿಂದೆಮುಂದೆ ನೋಡುವುದಿಲ್ಲ. ಬರೀ ದೊಡ್ಡ ಕೇಸಿಗೆ ಮಾತ್ರ ಓ.ಟಿ.ಗೆ ಓಡಿಬರುವವರಿಗೆ ಕೊಡುವುದಿಲ್ಲ.

ದೊಡ್ಡ ಕೇಸ್ ಸಿಕ್ಕಿದಾಗಲೂ ಇಡೀ ಆಪರೇಷನ್ ಒಟ್ಟಿಗೆ ಸಿಗುವುದಿಲ್ಲ, ತುಂಡು ತುಂಡಾಗಿ ಸಿಗುತ್ತದೆ. ಅನ್ನನಾಳದ ಕೇಸನ್ನೇ ತಗೊಳ್ಳಿ. ಈ ಸಲ ಪಕ್ಕೆಲುಬಿನ ನಡುವೆ ಎದೆ ತೆರೆಯುವುದು ನಿಮ್ಮದು. ಮುಂದಿನ ಸಲ ಶ್ವಾಸನಾಳಕ್ಕೆ ಅಂಟಿದ ಭಾಗ ಬಿಡಿಸುವುದು. ಅದರ ಮುಂದಿನ ಸಲ ಹಿಂದಿನ ಸಾಲಿನ ಹೊಲಿಗೆ. ಅರಿವಳಿಕೆ ಡಾಕ್ಟರು ಬಾಯಿಂದ ಟ್ಯೂಬ್ ಒತ್ತಿದಾಗ ಅನ್ನನಾಳದ ಮೇಲಿನ ತುದಿ ಎದೆಯೊಳಗೆ ಮೊಗ್ಗಿನ ಹಾಗೆ ಎದ್ದು ಬರುತ್ತದೆ. ಅದನ್ನು ಮೊದಲ ಸಲ ಕಣ್ಣಿಗೆ ಹಾಕಿದ ಭೂತಗನ್ನಡಿ, ನನ್ನ ಲೂಪ್‌ನೊಳಗಿಂದ ನೋಡಿದಾಗ ಕೈ ನಿಂತೇಬಿಟ್ಟಿತು. ಸೀನಿಯರ್ ಏನೂ ಅನ್ನಲಿಲ್ಲ. ಅರ್ಧ ನಿಮಿಷ ಕಾದರು. ಆಮೇಲೆ "ಹ್ಞೂಂ" ಅಂದರು, ಅಷ್ಟೇ.

ಟ್ರೈನಿಗಳ ಕಥೆ ಅಂದರೆ ರಾಬರ್ಟ್ ಗ್ರಾಸ್ ಕಥೆ ಬರಲೇಬೇಕು. 1938ರ ಆಗಸ್ಟ್‌ನಲ್ಲಿ ಬೋಸ್ಟನ್‌ನಲ್ಲಿ ಇವರು ಇನ್ನೂ ಚೀಫ್ ರೆಸಿಡೆಂಟ್. ಮೇಲಿನವರು ವಿಲಿಯಂ ಲ್ಯಾಡ್, ಊರಲ್ಲಿರಲಿಲ್ಲ. ಆ ಹೊತ್ತಲ್ಲಿ ಗ್ರಾಸ್ ಒಬ್ಬ ಏಳು ವರ್ಷದ ಹುಡುಗಿಯ ಹೃದಯದ ಪಕ್ಕದ, ಹುಟ್ಟಿದ ಮೇಲೆ ಮುಚ್ಚಬೇಕಿದ್ದೂ ಮುಚ್ಚದ ರಕ್ತನಾಳವನ್ನು ಕಟ್ಟಿದರು. ಹುಡುಗಿ ಬದುಕಿದಳು, ಚರಿತ್ರೆಯಾಯಿತು. ಪ್ರತಿ ಬ್ಯಾಚ್‌ನಲ್ಲೂ ಒಬ್ಬರು ಈ ಕಥೆ ಹೇಳಿ ನನ್ನ ಮುಖ ನೋಡುತ್ತಾರೆ. ಹುಡುಗಿ ಬದುಕಿದ್ದಕ್ಕೆ ಇದು ಕಥೆ ಕಣ್ರೀ, ಇಲ್ಲದಿದ್ದರೆ ವಿಚಾರಣೆ ಆಗುತ್ತಿತ್ತು ಅಂತ ನಾನು ಹೇಳುತ್ತೇನೆ. ಇವತ್ತು ಯಾರೂ ಹೀಗೆ ಕಲಿಯಬಾರದು.

ಈಗ ನಿಮ್ಮ ಸೀನಿಯರ್‌ಗಳು ಹೇಳದ ಭಾಗಕ್ಕೆ ಬರುತ್ತೇನೆ. ಈ ತರಬೇತಿಯಲ್ಲಿ ನಿಜವಾಗಿ ಕಷ್ಟದ್ದು ಯಾವಾಗ ಕಾಯಬೇಕು, ಯಾವಾಗ ಒಂದು ನಿಮಿಷವೂ ಕಾಯಬಾರದು ಅನ್ನುವುದು. ಹೊಲಿಗೆ ಯಾರಿಗಾದರೂ ಬರುತ್ತದೆ. ಇದು ಬರೋಕೆ ವರ್ಷಗಳು ಬೇಕು.

ನಾನು ಸೇರಿದ ಎರಡನೇ ತಿಂಗಳು. ರಾತ್ರಿ ಡ್ಯೂಟಿ. ಮೂರು ದಿನದ ಕೂಸು ವಾಂತಿ ಮಾಡಿದೆ ಅಂತ ನರ್ಸ್ ಕರೆದರು. ಹೋಗಿ ನೋಡಿದೆ. ಹೊಟ್ಟೆ ಮೆತ್ತಗಿದೆ, ಉಬ್ಬಿಲ್ಲ, ಮಗು ಪಿಳಿಪಿಳಿ ನೋಡುತ್ತಿದೆ. ಬಟ್ಟೆಯ ಮೇಲೆ ಅಂಗೈಯಗಲ ಕಲೆ. ಡ್ರಿಪ್ ಹಾಕಿ, ಬೆಳಿಗ್ಗೆ ನೋಡೋಣ ಅಂತ ಬರೆದು ಬಂದೆ. ಬೇರೆ ಯಾವುದೋ ಕೇಸಿಗೆ ಬಂದಿದ್ದ ಸೀನಿಯರ್‌ಗೆ ಹೋಗ್ತಾ ಹೋಗ್ತಾ ಇದನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಯಾವ ಬಣ್ಣ?" "ಸ್ವಲ್ಪ ಹಳದಿ ಥರ ಸಾರ್... ಹಸಿರು ಥರ." ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಕರುಳು ತನ್ನ ಬುಡದ ಸುತ್ತ ತಿರುಚಿಕೊಂಡಿತ್ತು. ಹೊಟ್ಟೆ ತೆರೆದಾಗ ಕಂಡದ್ದು ನೇರಳೆಗೆ ತಿರುಗಿದ ಕರುಳು. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಂದು ಸುತ್ತು, ಇನ್ನೂ ಅರ್ಧ ಸುತ್ತು ಬಿಡಿಸಿ, ಬೆಚ್ಚನೆ ಒದ್ದೆ ಬಟ್ಟೆ ಸುತ್ತಿ, ಎಲ್ಲರೂ ಕೈ ಕಟ್ಟಿ ನಿಂತೆವು. ಹತ್ತು ನಿಮಿಷ. ಅಷ್ಟು ಉದ್ದದ ಹತ್ತು ನಿಮಿಷ ನನ್ನ ಬದುಕಲ್ಲಿ ಇನ್ನೊಂದಿಲ್ಲ. ಬಟ್ಟೆ ಬಿಡಿಸಿದಾಗ ಒಂದು ಕಡೆಯಿಂದ ಗುಲಾಬಿ ಬಣ್ಣ ನಿಧಾನವಾಗಿ ಹರಡುತ್ತಿತ್ತು. ಆಮೇಲೆ ಮಾಡಿದ್ದು 1936ರಲ್ಲಿ ಅದೇ ಲ್ಯಾಡ್ ಬರೆದಿಟ್ಟ ಆಪರೇಷನ್ನೇ. ಮಗು ಉಳಿಯಿತು. ನಾನು ಬರೆದ ಹಾಗೆ ಬೆಳಗಿನವರೆಗೆ ಬಿಟ್ಟಿದ್ದರೆ ಕರುಳು ಪೂರ್ತಿ ಸತ್ತಿರುತ್ತಿತ್ತು. ಶುರುವಿನಲ್ಲಿ ಹೊಟ್ಟೆ ಮೆತ್ತಗೇ ಇರುತ್ತದೆ ಅನ್ನುವುದು ಪುಸ್ತಕದಲ್ಲಿತ್ತು, ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹಸುಗೂಸು ಹಸಿರು ವಾಂತಿ ಮಾಡಿದರೆ, ಬೇರೇನೋ ಅಂತ ಸಾಬೀತಾಗುವ ತನಕ ಅದು ತಿರುಚಿದ ಕರುಳೇ. ಇವತ್ತಿಗೂ ನನ್ನ ಟ್ರೈನಿಗಳು ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಬಣ್ಣ.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ. ಐದಾರು ವಾರದ ಕೂಸು, ಕುಡಿದ ಹಾಲನ್ನೆಲ್ಲ ಚಿಮ್ಮಿಸಿ ಕಕ್ಕುತ್ತದೆ. ವಾಂತಿಯಲ್ಲಿ ಹಸಿರಿಲ್ಲ, ಬರೀ ಹಾಲು. ಕಕ್ಕಿದ ಮೇಲೆ ಮತ್ತೆ ಹಸಿವು. ಜಠರದಿಂದ ಕರುಳಿಗೆ ಹೋಗುವ ಬಾಯಿಯ ಸ್ನಾಯು ದಪ್ಪಗಾಗಿ ದಾರಿ ಮುಚ್ಚಿದೆ, ಪೈಲೋರಿಕ್ ಸ್ಟೆನೋಸಿಸ್. ಈಗ ಅಲ್ಟ್ರಾಸೌಂಡ್ ಇದೆ. ನಮಗೆ ಮಾತ್ರ ಕೈಯಲ್ಲೇ ಹುಡುಕಿ ಅಂತಿದ್ದರು. ತಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸ್ವಲ್ಪ ಸ್ವಲ್ಪ ಕುಡಿಸುತ್ತಿರುತ್ತಾರೆ, ನಾವು ಎಡಗಡೆ ಕೂತು ಎಡಗೈಯ ಬೆರಳ ತುದಿ ಹೊಟ್ಟೆಯ ಮೇಲೆ ಇಟ್ಟುಕೊಂಡು ಸುಮ್ನೆ ಕಾಯುತ್ತೇವೆ. ಐದು ನಿಮಿಷ, ಹತ್ತು ನಿಮಿಷ. ಕೈ ಜೋಮು ಹಿಡಿಯುತ್ತದೆ. ತಾಯಿ ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ, ಈ ಡಾಕ್ಟ್ರಿಗೆ ಏನಾದ್ರೂ ಗೊತ್ತಾ ಇಲ್ವಾ ಅಂತ. ಆಮೇಲೆ ಒಂದು ಕ್ಷಣ ಬೆರಳ ಕೆಳಗೆ ಗೋಲಿಯಂಥದ್ದೊಂದು ಜಾರಿ ಹೋಗುತ್ತದೆ. ಒಮ್ಮೆ ಸಿಕ್ಕರೆ ಮರೆಯುವುದಿಲ್ಲ.

ಸಿಕ್ಕ ಕೂಡಲೇ ಓ.ಟಿ.ಗೆ ಓಡಬೇಕು ಅನ್ನಿಸುತ್ತದೆ. ಓಡಬಾರದು. ದಿನಗಟ್ಟಲೆ ಕಕ್ಕಿದ ಮಗುವಿನ ದೇಹದಿಂದ ಆಮ್ಲ ಹೋಗಿದೆ, ಕ್ಲೋರೈಡ್ ಇಳಿದಿದೆ, ರಕ್ತ ಕ್ಷಾರದ ಕಡೆ ವಾಲಿದೆ. ಹಾಗೇ ಅರಿವಳಿಕೆ ಕೊಟ್ಟರೆ ಆಪರೇಷನ್ ಚೆನ್ನಾಗಿ ಆದರೂ ಆಮೇಲೆ ಮಗು ಉಸಿರಾಡುವುದನ್ನೇ ಮರೆಯಬಹುದು. ಹಾಗಾಗಿ ಡ್ರಿಪ್ ಹಾಕಿ, ರಕ್ತ ಪರೀಕ್ಷೆ ಮಾಡಿಸುತ್ತಾ, ಒಂದು ದಿನ, ಬೇಕಾದರೆ ಎರಡು ದಿನ ಕೂರಬೇಕು. ಮಗು ಹಸಿದು ಅಳುತ್ತಿರುತ್ತದೆ, ಅಪ್ಪ ಬಂದು "ಇನ್ನೂ ಯಾಕೆ ಆಪರೇಷನ್ ಮಾಡ್ತಿಲ್ಲ ಡಾಕ್ಟ್ರೇ?" ಅಂತ ಕೇಳುತ್ತಲೇ ಇರುತ್ತಾರೆ. ಆಪರೇಷನ್ ಅಂತೂ ಅರ್ಧ ಗಂಟೆಯ ಕೆಲಸ. ಸ್ನಾಯುವನ್ನು ಉದ್ದಕ್ಕೆ ಸೀಳಿ ಅಗಲಿಸಿದರೆ ಒಳಪದರ ಉಬ್ಬಿ ಮೇಲೆ ಬರುತ್ತದೆ. ಮೂಗಿನ ಟ್ಯೂಬಲ್ಲಿ ಗಾಳಿ ಬಿಟ್ಟು ಎಲ್ಲೂ ತೂತಾಗಿಲ್ಲ ಅಂತ ನೋಡಿ ಹೊರಗೆ ಬಂದರೆ ಆಯಿತು. ಸೀಳಿದ್ದನ್ನು ಹೊಲಿಯುವ ಹಾಗಿಲ್ಲ. ಕಾನ್ರಾಡ್ ರಾಮ್‌ಸ್ಟೆಟ್ ಇದನ್ನು ಕಂಡುಕೊಂಡದ್ದೇ ಹಾಗೆ. 1911ರಲ್ಲಿ ಅವರು ಹಾಕಿದ ಹೊಲಿಗೆ ಸ್ನಾಯುವನ್ನು ಹರಿದುಕೊಂಡು ಬಂತು. ಮುಂದಿನ ಮಗುವಿಗೆ ಹೊಲಿಯದೆ ಬಿಟ್ಟು ನೋಡಿದರು, ಇನ್ನೂ ಚೆನ್ನಾಯಿತು. ನೂರು ವರ್ಷ ಕಳೆದರೂ ನಾವು ಮಾಡುತ್ತಿರುವುದು ಅದನ್ನೇ.

ದೊಡ್ಡವರ ಸರ್ಜರಿಯಿಂದ ಬರುವವರಿಗೆ ಮೊದಲ ಆರು ತಿಂಗಳು ಇನ್ನೊಂದು ಪೆಟ್ಟು ಬೀಳುವುದು ಅಳತೆಯಲ್ಲಿ. ಮೂರು ಕೆಜಿ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಎಂ.ಎಲ್. ಒಂದು ಲೋಟ. ನೀವು ಇಲ್ಲಿಯವರೆಗೆ ಲೆಕ್ಕಕ್ಕೇ ಇಡದ 25 ಎಂ.ಎಲ್. ಇಲ್ಲಿ ಹತ್ತರಲ್ಲಿ ಒಂದು ಪಾಲು. ಅದಕ್ಕೇ ರಕ್ತ ಒರೆಸಿದ ಬಟ್ಟೆಯನ್ನೆಲ್ಲ ತೂಕ ಹಾಕುತ್ತಾರೆ. ಓ.ಟಿ.ಯ ಎ.ಸಿ. ಆರಿಸಿ ನಿಮ್ಮನ್ನು ಬೇಯಿಸುವುದೂ ಇದೇ ಕಾರಣಕ್ಕೆ, ಕೂಸು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಗೌನ್ ಒಳಗೆ ಬೆವರು ಇಳಿಯುತ್ತಿರುತ್ತದೆ, ಮಾತಾಡುವ ಹಾಗಿಲ್ಲ. ಅಭ್ಯಾಸವಾಗುತ್ತದೆ ಬಿಡಿ.

ಅಪ್ಪ-ಅಮ್ಮನ ಜೊತೆ ಮಾತಾಡುವುದು ಅಭ್ಯಾಸವಾಗೋಕೆ ಇನ್ನೂ ಜಾಸ್ತಿ ದಿನ ಬೇಕು. ಹುಟ್ಟಿ ಆರು ಗಂಟೆಯಾದ ಮಗುವನ್ನು ಬೇರೆ ಆಸ್ಪತ್ರೆಯಿಂದ ಆಂಬುಲೆನ್ಸ್‌ನಲ್ಲಿ ತರುತ್ತಾರೆ. ತಾಯಿ ಅಲ್ಲೇ ಹೆರಿಗೆ ವಾರ್ಡಿನಲ್ಲಿ, ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಳೆ. ಇಲ್ಲಿ ಸಹಿ ಹಾಕಬೇಕಾದವನು ನಿದ್ದೆಗೆಟ್ಟ ಅಪ್ಪ ಒಬ್ಬನೇ, ಕೈಯಲ್ಲಿ ಫೋನು, ಆ ಕಡೆಯಿಂದ ತಾಯಿ "ಮಗು ಹೇಗಿದೆ" ಅಂತ ಕೇಳುತ್ತಲೇ ಇದ್ದಾಳೆ. ಅವನ ಮುಂದೆ ನಿಂತು ಹೇಳಬೇಕಾದವರು ಹೆಚ್ಚಾಗಿ ನೀವೇ, ಕನ್ಸಲ್ಟೆಂಟ್ ಅಲ್ಲ. ನಾನು ಮೊದಮೊದಲು ಭಯಕ್ಕೆ ಒಂದೇ ಉಸಿರಿಗೆ ಎಲ್ಲ ತೊಡಕುಗಳ ಹೆಸರು ಹೇಳಿ ಮುಗಿಸುತ್ತಿದ್ದೆ. ಹೇಳಿದೆ ಅಂತ ಲೆಕ್ಕ, ಅವರ ತಲೆಗೆ ಒಂದೂ ಹೋಗಿರುತ್ತಿರಲಿಲ್ಲ. ಆಮೇಲೆ ಒಬ್ಬ ಹಿರಿಯ ನರ್ಸ್ ನನಗೊಂದು ಪೆನ್ನು, ಹಾಳೆ ಕೊಟ್ಟು "ಚಿತ್ರ ಬರೀರಿ ಡಾಕ್ಟ್ರೇ" ಅಂದರು. ಕೂತು, ಕೊಳವೆ ಬರೆದು, ಎಲ್ಲಿ ತುಂಡಾಗಿದೆ ತೋರಿಸಿ, ಫೋನನ್ನು ಸ್ಪೀಕರ್‌ಗೆ ಹಾಕಿಸಿ ತಾಯಿಗೂ ಕೇಳಿಸುವ ಹಾಗೆ ಹೇಳಿದರೆ ಹತ್ತು ನಿಮಿಷ ಸಾಕು. ಆ ಹಾಳೆಯನ್ನು ಎಷ್ಟೋ ಜನ ಮಡಚಿ ಇಟ್ಟುಕೊಂಡಿರುತ್ತಾರೆ. ಮಗುವಿಗೆ ಎಂಟು ವರ್ಷ ಆದಮೇಲೂ ಚೆಕಪ್‌ಗೆ ಬಂದಾಗ ಜೇಬಿನಿಂದ ತೆಗೆದು ತೋರಿಸಿದವರು ಇದ್ದಾರೆ. ಹೌದು, ಇಲ್ಲಿ ಮಕ್ಕಳು ಬರುತ್ತಲೇ ಇರುತ್ತಾರೆ. ಗುದದ್ವಾರದ ದೋಷವಿದ್ದ ಮಗುವಿನ ಕಥೆ ಆಪರೇಷನ್‌ಗೇ ಮುಗಿಯುವುದಿಲ್ಲ, ಮಲ ಹಿಡಿದಿಡುವುದು, ಸ್ಕೂಲಲ್ಲಿ ಬಟ್ಟೆ ಕೊಳೆಯಾಗುವುದು, ಹರೆಯದ ನಾಚಿಕೆ ಎಲ್ಲದಕ್ಕೂ ನಾವೇ ಬೇಕು. ಒ.ಪಿ.ಡಿ. ತಪ್ಪಿಸಿ ಓ.ಟಿ.ಗೆ ನುಸುಳುವ ಟ್ರೈನಿಗೆ ತಾನು ಕಲಿತ ಆಪರೇಷನ್‌ನ ಫಲ ಏನಾಯಿತು ಅಂತಲೇ ಗೊತ್ತಿರುವುದಿಲ್ಲ.

ಮಗು ಹೋದರೆ ಅಂತ ಕೇಳಿದಿರಿ. ಹೋಗುತ್ತವೆ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ಹೋಗುತ್ತವೆ, ಮತ್ತೆ ಒಂದೊಂದು ಸಲ ನಾವು ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅನ್ನುವಂಥವೂ ಇರುತ್ತವೆ. ನನ್ನ ಮೊದಲನೆಯದು ವಪೆಯ ತೂತಿದ್ದ ಕೂಸು. ಬೆಳಗಿನ ಜಾವ ಹೋಯಿತು. ಎಂಟಕ್ಕೆ ರೌಂಡ್ಸ್, ಒಂಬತ್ತಕ್ಕೆ ಓ.ಟಿ., ಯಾರೂ ಒಂದು ಮಾತು ಆಡಲಿಲ್ಲ. ಕೆಟ್ಟವರೇನಲ್ಲ ಅವರು, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಸುಮಾರು ಎರಡು ತಿಂಗಳು ನಾನು ಡ್ಯೂಟಿ ಮುಗಿಸಿ ಮನೆಗೆ ಹೋದಮೇಲೂ ಹಸುಗೂಸುಗಳ ಐಸಿಯು ಆದ ಎನ್‌ಐಸಿಯುಗೆ ಫೋನ್ ಮಾಡಿ ಆಕ್ಸಿಜನ್ ಎಷ್ಟಿದೆ ಅಂತ ಕೇಳುತ್ತಿದ್ದೆ. ನಂದೇ ರೋಗಿ ಅಲ್ಲದ ಮಕ್ಕಳದ್ದೂ. ತಡೆದುಕೊಳ್ಳುತ್ತೀರಾ ಅಂದರೆ, ಹೆಚ್ಚಿನವರು ತಡೆದುಕೊಳ್ಳುತ್ತಾರೆ, ಪಕ್ಕದಲ್ಲಿ ಯಾರಾದರೂ ಇದ್ದರೆ. ಈಗ ನಮ್ಮಲ್ಲಿ ಮಗು ಹೋದ ದಿನ ನರ್ಸ್, ಅರಿವಳಿಕೆಯವರು, ಟ್ರೈನಿ ಎಲ್ಲ ಒಂದು ಹದಿನೈದು ನಿಮಿಷ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಏನಾಯಿತು ಅಂತ ಮಾತಾಡುತ್ತೇವೆ. ಅತ್ತರೂ ಅಳಲಿ. ಆ ಟ್ರೈನಿಯ ಮುಂದಿನ ಕೇಸನ್ನು ಅವತ್ತು ಬೇರೆಯವರು ಮಾಡುತ್ತಾರೆ. ಇದೇನು ದೊಡ್ಡ ಏರ್ಪಾಡಲ್ಲ, ಆದರೆ ಇದು ಇಲ್ಲದ ಕಡೆ ಒಳ್ಳೊಳ್ಳೆಯ ಹುಡುಗ-ಹುಡುಗಿಯರು ಅರ್ಧಕ್ಕೆ ಬಿಟ್ಟು ಹೋದದ್ದನ್ನು ನೋಡಿದ್ದೇನೆ.

ಕೆಲಸದ ಗಂಟೆಗಳ ಬಗ್ಗೆ ಜಗಳ ಮುಗಿಯುವಂಥದ್ದಲ್ಲ. ಅಮೆರಿಕದಲ್ಲಿ 2003ರಿಂದ ವಾರಕ್ಕೆ 80 ಗಂಟೆಯ ಮಿತಿ ಇದೆ, ಯುರೋಪಿನಲ್ಲಿ 48. ಎಷ್ಟೋ ಕಡೆ ಕಾಗದದಲ್ಲೂ ಮಿತಿ ಇಲ್ಲ. ದಾರಿಯೂ ಒಂದೊಂದು ಕಡೆ ಒಂದೊಂದು ಥರ: ಅಮೆರಿಕದಲ್ಲಿ ಐದು ವರ್ಷ ಜನರಲ್ ಸರ್ಜರಿ ಆಮೇಲೆ ಎರಡು ವರ್ಷ ಇದು, ಭಾರತದಲ್ಲಿ ಮೂರು ವರ್ಷದ ಜನರಲ್ ಸರ್ಜರಿ ಎಂ.ಎಸ್. ಆಮೇಲೆ ಮೂರು ವರ್ಷದ ಮಕ್ಕಳ ಸರ್ಜರಿ ಎಂ.ಸಿಎಚ್. ಗಂಟೆ ಕಮ್ಮಿಯಾದರೆ ಕೇಸ್ ಕಮ್ಮಿ ಅಂತ ಹಿರಿಯರು ಗೊಣಗುತ್ತಾರೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಮೂವತ್ತನೇ ಗಂಟೆಯಲ್ಲಿ ರಿಟ್ರ್ಯಾಕ್ಟರ್ ಹಿಡಿದು ತೂಕಡಿಸಿದವಳು ನಾನು. ಆ ಕೇಸಿನಿಂದ ನಾನು ಕಲಿತದ್ದು ನಿಂತೇ ನಿದ್ದೆ ಮಾಡುವುದನ್ನು.

ಎಲ್ಲಿ ಸೇರಬೇಕು ಅಂತ ನೋಡುವಾಗ ಕಟ್ಟಡ, ರೋಬೋಟ್ ಇವನ್ನೆಲ್ಲ ನೋಡಿ ಮರುಳಾಗಬೇಡಿ. ಮುಖ್ಯಸ್ಥರನ್ನೂ ಕೇಳಬೇಡಿ, ಅವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಕೊನೆಯ ವರ್ಷದ ಟ್ರೈನಿಯನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ. ಹೋದ ವರ್ಷ ಎಷ್ಟು ಹಸುಗೂಸುಗಳ ಕೇಸಿನಲ್ಲಿ ಮುಖ್ಯ ಕೈ ನಿಮ್ಮದಿತ್ತು ಅಂತ ಕೇಳಿ. ಎರಡು ಗಂಟೆ ರಾತ್ರಿಗೆ ಫೋನ್ ಮಾಡಿದರೆ ಕನ್ಸಲ್ಟೆಂಟ್ ಬರುತ್ತಾರಾ, ಬೈಯುತ್ತಾರಾ ಅಂತ ಕೇಳಿ. ಬೈದುಕೊಂಡಾದರೂ ಬರುವವರಿದ್ದರೆ ಸೇರಿ. ನಗುತ್ತಾ "ನೀನೇ ನೋಡ್ಕೋ" ಅನ್ನುವವರಿದ್ದರೆ ಬೇಡ, ಅಲ್ಲಿ ಕೈ ಬೇಗ ಓಡುತ್ತದೆ, ಆದರೆ ತಪ್ಪನ್ನೂ ಅಷ್ಟೇ ಬೇಗ ಅಭ್ಯಾಸ ಮಾಡಿಕೊಳ್ಳುತ್ತದೆ.

ಕೊನೆಗೆ ನಿಮ್ಮ ದೊಡ್ಡ ಕೈ. ನನಗೆ ಅನ್ನನಾಳದ ಹೊಲಿಗೆ ಕಲಿಸಿದವರ ಗ್ಲೌಸ್ ಸೈಜ್ 8. ಮೂರು ಪಕ್ಕೆಲುಬಿನಗಲದ ಜಾಗದಲ್ಲಿ ಅವರ ಬೆರಳ ತುದಿ ಮಾತ್ರ ಕೆಲಸ ಮಾಡುತ್ತಿತ್ತು, ಮುಂಗೈ ಮಗುವಿನ ಪಕ್ಕದ ಮಡಚಿದ ಬಟ್ಟೆಯ ಮೇಲೆ ಊರಿರುತ್ತಿತ್ತು. ನಡುಗುವುದು ಎಲ್ಲರ ಕೈಯೂ, ಊರಿದರೆ ನಿಲ್ಲುತ್ತದೆ. ಅವರು ನಮಗೆ ಕೊಡುತ್ತಿದ್ದ ಮನೆಗೆಲಸ ಇದು, ನೀವೂ ಇವತ್ತೇ ಶುರು ಮಾಡಿ: ಎರಡು ಟಿಶ್ಯೂ ಪೇಪರ್ ಒದ್ದೆ ಮಾಡಿ ಅಂಚಿಗೆ ಅಂಚು ಇಟ್ಟು, 6-0 ಅನ್ನುವ ತೀರಾ ಸಣ್ಣ ದಾರದಲ್ಲಿ ಐದು ಹೊಲಿಗೆ ಹಾಕಿ ಗಂಟು ಬಿಗಿಯಬೇಕು, ಪೇಪರ್ ಹರಿಯಬಾರದು. ನನಗೆ ಮೊದಲ ಸಲ ಐದೂ ನಿಂತದ್ದು ಹನ್ನೊಂದನೇ ದಿನ.